ಸಾದಾ ಪೇಪರಿಗಾಗಿ 21 ವರ್ಷ: ಚೆಸ್ಟರ್ ಕಾರ್ಲ್‌ಸನ್ ಕಥೆ

ಇಂಟರ್ನಲ್ಸ್‌ಗೆ ಒಂದೇ ದಿನ ಇದೆ ಅನ್ನುವಾಗ ಯಾವ ಇಂಜಿನಿಯರಿಂಗ್ ಕಾಲೇಜಿನ ಗೇಟ್ ಎದುರು ಹೋದ್ರೂ ಒಂದೇ ಸೀನು. ಜೆರಾಕ್ಸ್ ಅಂಗಡಿ ಮುಂದೆ ಅರ್ಧ ಕ್ಲಾಸ್ ನಿಂತಿರುತ್ತೆ. ಯಾರದೋ ನೋಟ್ಸ್, ಸೀನಿಯರ್ ಕೊಟ್ಟ ಹಳೇ ಪ್ರಶ್ನೆಪತ್ರಿಕೆ, ಬ್ಯಾಕ್ ಟು ಬ್ಯಾಕ್ ಹಾಕಿ ಅಣ್ಣಾ ಅನ್ನೋ ಕೂಗು. ಒಳಗಿರೋ ಮಶೀನು ಕ್ಯಾನನ್‌ದೋ ರಿಕೋದೋ ಆಗಿರಬಹುದು, ಹೊರಗಿನ ಬೋರ್ಡಲ್ಲಿ ಮಾತ್ರ ಜೆರಾಕ್ಸ್ ಅಂತಲೇ ಇರುತ್ತೆ. ಅದು ಒಂದು ಕಂಪನಿಯ ಹೆಸರು ಅನ್ನೋದು ನಮಗೆ ನೆನಪೇ ಇಲ್ಲ. ಕಾಪಿ ಅಂದ್ರೆ ಜೆರಾಕ್ಸ್, ಅಷ್ಟೇ.

ಅದೇ ಅಂಗಡಿಯಲ್ಲಿ ಇನ್ನೊಂದು ವಿಷಯ ಗಮನಿಸಿ. ಪ್ರಾಜೆಕ್ಟ್ ರಿಪೋರ್ಟಿಗೆ ಬಾಂಡ್ ಪೇಪರ್ ಬೇಕು ಅಂದ್ರೆ, ಇಲ್ಲಾ ಸರ್ಟಿಫಿಕೇಟಿಗೆ ದಪ್ಪ ಶೀಟ್ ಬೇಕು ಅಂದ್ರೆ, ಅಣ್ಣ ಟ್ರೇ ಬದಲಾಯಿಸಿ ಸ್ಕ್ರೀನಲ್ಲಿ ಏನೋ ಒತ್ತುತ್ತಾರೆ. ಮಶೀನಿಗೆ ಪೇಪರ್ ಯಾವುದು ಅಂತ ಹೇಳ್ತಾ ಇರ್ತಾರೆ. ಹೊಸ ಪ್ರಿಂಟರ್‌ಗಳಲ್ಲಿ ಕೆಲವಕ್ಕೆ ಇದನ್ನ ಹೇಳೋದೂ ಬೇಡ. ಒಳಗೆ ಹೋಗ್ತಿರೋ ಪೇಪರ್ ನಯವಾಗಿದೆಯಾ ಒರಟಾಗಿದೆಯಾ, ತೆಳುವಾ ದಪ್ಪವಾ ಅಂತ ತಾನೇ ನೋಡಿಕೊಂಡು ಸೆಟ್ಟಿಂಗ್ ಬದಲಾಯಿಸಿಕೊಳ್ಳುತ್ತೆ. ಯಾಕೆ ಇಷ್ಟೆಲ್ಲಾ ತಲೆನೋವು? ಒಂದು ಕಾಲದಲ್ಲಿ ಈ ಸಮಸ್ಯೆಯೇ ಇರಲಿಲ್ಲ, ಯಾಕಂದ್ರೆ ಪ್ರತಿ ಕಾಪಿ ಮಶೀನಿಗೂ ಅದರದ್ದೇ ಸ್ಪೆಷಲ್ ಪೇಪರ್ ಇರುತ್ತಿತ್ತು. ಯಾವ ಪೇಪರ್ ಹಾಕಿದ್ರೂ ಕಾಪಿ ಬರಬೇಕು ಅನ್ನೋ ದಾರಿ ತೆಗೆದದ್ದು ಒಬ್ಬ ಬಡ ಕ್ಷೌರಿಕನ ಮಗ. ಹೆಸರು ಚೆಸ್ಟರ್ ಫ್ಲಾಯ್ಡ್ ಕಾರ್ಲ್‌ಸನ್. ಈ ಲೇಖನ ಅವರ ಬಗ್ಗೆ.

ಮನೆ ನಡೆಸಿದ ಹುಡುಗ

ಚೆಸ್ಟರ್ ಹುಟ್ಟಿದ್ದು 1906ರ ಫೆಬ್ರವರಿ 8ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಅಪ್ಪ ಓಲೋಫ್, ಅಮ್ಮ ಎಲೆನ್. ಒಬ್ಬನೇ ಮಗ. ಅವನು ತುಂಬಾ ಚಿಕ್ಕವನಿರುವಾಗಲೇ ಅಪ್ಪನಿಗೆ ಕ್ಷಯ ಬಂತು, ಅದರ ಜೊತೆ ಬೆನ್ನುಮೂಳೆಯ ಸಂಧಿವಾತ. ಬಿಸಿಲಿರೋ ಊರಿಗೆ ಹೋದ್ರೆ ಅಪ್ಪ ಹುಷಾರಾಗಬಹುದು ಅಂತ ಕುಟುಂಬ ಊರೂರು ಅಲೆಯಿತು. 1910ರಲ್ಲಿ ಮೆಕ್ಸಿಕೋಗೂ ಹೋದರು, ಅಲ್ಲಿ ಜಮೀನಿನ ಆಸೆ ತೋರಿಸಿದವರನ್ನು ನಂಬಿ. ಜಮೀನೂ ಕೈಗೆ ಹತ್ತಲಿಲ್ಲ, ಅಮ್ಮನಿಗೆ ಮಲೇರಿಯಾ ಬೇರೆ ಬಂತು. ಏಳು ತಿಂಗಳಿಗೆ ವಾಪಸ್. ಕೊನೆಗೆ ನಿಂತದ್ದು ಕ್ಯಾಲಿಫೋರ್ನಿಯಾದ ಸ್ಯಾನ್ ಬರ್ನಾರ್ಡಿನೋ ಕಡೆ.

ಎಂಟು ವರ್ಷಕ್ಕೇ ಚೆಸ್ಟರ್ ಸಣ್ಣಪುಟ್ಟ ಕೆಲಸ ಶುರು ಮಾಡಿದ. 13ರ ಹೊತ್ತಿಗೆ ಬೆಳಗ್ಗೆ ಸ್ಕೂಲಿಗೆ ಮುಂಚೆ ಎರಡು ಮೂರು ಗಂಟೆ ದುಡಿಮೆ, ಸ್ಕೂಲ್ ಬಿಟ್ಟ ಮೇಲೆ ಮತ್ತೆ ದುಡಿಮೆ. ಹೈಸ್ಕೂಲ್ ಸೇರೋ ವಯಸ್ಸಿಗೆ ಮನೆ ನಡೆಯುತ್ತಿದ್ದದ್ದೇ ಅವನ ಸಂಪಾದನೆಯಲ್ಲಿ. 17 ವರ್ಷ ಆಗಿದ್ದಾಗ ಅಮ್ಮ ಕ್ಷಯದಿಂದ ತೀರಿಕೊಂಡರು. ನಾವು ಸಿಇಟಿ ರ‍್ಯಾಂಕ್ ಎಷ್ಟು ಬರುತ್ತೋ ಅಂತ ಒದ್ದಾಡುವ ವಯಸ್ಸು ಅದು. ಅವನಿಗೆ ಆ ವಯಸ್ಸಲ್ಲಿ ಹಾಸಿಗೆ ಹಿಡಿದ ಅಪ್ಪ, ಖಾಲಿ ಜೇಬು, ಮತ್ತೆ ಓದಲೇಬೇಕು ಅನ್ನೋ ಹಟ, ಈ ಮೂರು ಮಾತ್ರ ಇದ್ದದ್ದು.

ಇದರ ನಡುವೆ ಪೇಪರ್ ಮತ್ತು ಅಚ್ಚಿನ ಹುಚ್ಚು ಎಲ್ಲಿಂದ ಬಂತೋ. ಹತ್ತು ವರ್ಷದವನಿದ್ದಾಗ ಸ್ನೇಹಿತರಿಗಾಗಿ ಒಂದು ಪುಟ್ಟ ಪತ್ರಿಕೆ ಮಾಡಿ ಕೈಯಿಂದ ಕೈಗೆ ಹಂಚುತ್ತಿದ್ದ. ರಬ್ಬರ್ ಸ್ಟಾಂಪಿನ ಅಕ್ಷರಗಳ ಸೆಟ್ಟು ಅವನಿಗೆ ಇಷ್ಟದ ಆಟಿಕೆ. ಹೈಸ್ಕೂಲಲ್ಲಿರುವಾಗ ಒಬ್ಬ ಪ್ರಿಂಟರ್ ಹತ್ತಿರ ಕೆಲಸ ಮಾಡಿ ಒಂದು ಹಳೇ ಅಚ್ಚಿನ ಮಶೀನು ಸಂಪಾದಿಸಿದ. ಅದರಲ್ಲಿ ಕೆಮಿಸ್ಟ್ರಿ ಆಸಕ್ತರಿಗಾಗಿ ಪತ್ರಿಕೆ ತರೋ ಪ್ಲಾನು. ಆದ್ರೆ ಒಂದೊಂದೇ ಅಕ್ಷರದ ಮೊಳೆ ಜೋಡಿಸಿ ಪುಟ ಕಟ್ಟುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯ್ತು. ಮಾತನ್ನು ಪೇಪರಿನ ಮೇಲೆ ತರೋದಕ್ಕೆ ಇಷ್ಟು ಕಷ್ಟ ಪಡಬೇಕಾ ಅನ್ನೋ ಪ್ರಶ್ನೆ ಅಲ್ಲಿಂದಲೇ ತಲೆಗೆ ಹೊಕ್ಕಿತು.

82 ಅರ್ಜಿ, ಒಂದೂ ಕೆಲಸ ಇಲ್ಲ

ರಿವರ್‌ಸೈಡ್ ಜೂನಿಯರ್ ಕಾಲೇಜಿನಲ್ಲಿ ಒಂದಷ್ಟು ವಾರ ಓದು, ಒಂದಷ್ಟು ವಾರ ಕೆಲಸ ಅನ್ನೋ ಪದ್ಧತಿ ಇತ್ತು. ಅದರಲ್ಲಿ ಸೇರಿ, ಕೆಮಿಸ್ಟ್ರಿಯಿಂದ ಫಿಸಿಕ್ಸ್‌ಗೆ ಬದಲಾಯಿಸಿಕೊಂಡು, ಆಮೇಲೆ ಕ್ಯಾಲ್‌ಟೆಕ್ ಸೇರಿದರು. 1930ರಲ್ಲಿ ಫಿಸಿಕ್ಸ್ ಡಿಗ್ರಿ ಸಿಕ್ಕಿತು. ಅದರ ಜೊತೆ 1,500 ಡಾಲರ್ ಸಾಲ. ಹೊರಗೆ ನೋಡಿದರೆ ಗ್ರೇಟ್ ಡಿಪ್ರೆಶನ್ ಶುರುವಾಗಿ ಕೆಲವೇ ತಿಂಗಳು. 82 ಕಂಪನಿಗೆ ಪತ್ರ ಬರೆದರು. ಒಬ್ಬರೂ ಕೆಲಸ ಕೊಡಲಿಲ್ಲ. ನಮ್ಮ ಪ್ಲೇಸ್‌ಮೆಂಟ್ ಸೀಸನ್ ಬಗ್ಗೆ ಬೇಜಾರಾದಾಗ ಈ ನಂಬರ್ ನೆನಪಿಟ್ಟುಕೊಳ್ಳಿ.

ಕೊನೆಗೆ ನ್ಯೂಯಾರ್ಕಿನ ಬೆಲ್ ಲ್ಯಾಬ್ಸ್‌ನಲ್ಲಿ ಜಾಗ ಸಿಕ್ಕಿತು. ಆ ಕೆಲಸ ಬೋರ್ ಆಗಿ, ಒಂದು ವರ್ಷದ ಮೇಲೆ ಅಲ್ಲಿನ ಪೇಟೆಂಟ್ ವಿಭಾಗಕ್ಕೆ ಹೋದರು. ನೋಟ್‌ಬುಕ್ಕಿನಲ್ಲಿ ಹೊಸ ಐಡಿಯಾಗಳನ್ನ ಬರೆಯೋ ಅಭ್ಯಾಸ ಇತ್ತು, 400ಕ್ಕೂ ಹೆಚ್ಚು ಐಡಿಯಾ ಬರೆದಿದ್ದರು. 1933ರಲ್ಲಿ ಅಲ್ಲಿಂದಲೂ ಕೆಲಸ ಹೋಯ್ತು. ಅಪ್ಪ ತೀರಿಕೊಂಡಾಗ ಕಾರ್ಲ್‌ಸನ್‌ಗೆ 27 ವರ್ಷ. ಆಮೇಲೆ ಒಂದು ಲಾ ಆಫೀಸು, ಅದಾದ ಮೇಲೆ ಪಿ. ಆರ್. ಮಲೋರಿ ಅನ್ನೋ ಎಲೆಕ್ಟ್ರಿಕಲ್ ಕಂಪನಿಯ ಪೇಟೆಂಟ್ ವಿಭಾಗ. ಈ ಮಲೋರಿ ಕಂಪನಿಯಿಂದಲೇ ಮುಂದೆ ಡ್ಯುರಾಸೆಲ್ ಬ್ಯಾಟರಿ ಹುಟ್ಟಿದ್ದು.

ಪೇಟೆಂಟ್ ಆಫೀಸಿನ ಕೆಲಸ ಅಂದ್ರೆ ಕಾಪಿ, ಕಾಪಿ, ಇನ್ನೂ ಕಾಪಿ. ಒಂದೊಂದು ಅರ್ಜಿಗೂ ಹತ್ತಾರು ಪ್ರತಿ ಬೇಕು. ಕಾರ್ಬನ್ ಪೇಪರ್ ಇಟ್ಟು ಟೈಪ್ ಮಾಡಿದ್ರೆ ಕೆಳಗಿನ ಪ್ರತಿಗಳು ಮಸುಕು. ಕಮ್ಮಿ ಬಿದ್ದರೆ ಪೂರ್ತಿ ಮತ್ತೆ ಟೈಪ್ ಮಾಡಬೇಕು, ಆಮೇಲೆ ಇಬ್ಬರು ಕೂತು ಪದ ಪದ ಓದಿ ತಾಳೆ ನೋಡಬೇಕು. ಚಿತ್ರ ಇದ್ದರೆ ಫೋಟೋಸ್ಟಾಟ್ ಮಾಡಿಸೋದು. ಅದಕ್ಕೆ ದೊಡ್ಡ ಕ್ಯಾಮೆರಾ, ಸ್ಪೆಷಲ್ ಫೋಟೋ ಪೇಪರ್, ಕೆಮಿಕಲ್ಸ್, ದುಡ್ಡು, ಕಾಯೋದು ಎಲ್ಲ ಬೇಕು. ಸಾಲದ್ದಕ್ಕೆ 1936ರಿಂದ ಕಾರ್ಲ್‌ಸನ್ ರಾತ್ರಿ ಕಾಲೇಜಿನಲ್ಲಿ ಲಾ ಓದೋಕೆ ಶುರು ಮಾಡಿದರು. ಪುಸ್ತಕ ಕೊಳ್ಳೋಕೆ ದುಡ್ಡಿಲ್ಲ. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಯಲ್ಲಿ ಕೂತು ಪುಟಗಟ್ಟಲೆ ಕೈಯಲ್ಲೇ ಬರೆದುಕೊಳ್ಳೋರು. ಅಪ್ಪನಿಗಿದ್ದ ಬೆನ್ನುಮೂಳೆಯ ಸಂಧಿವಾತ ಆಗಲೇ ಅವರಿಗೂ ಶುರುವಾಗಿತ್ತು. ಬೆನ್ನು ನೋವು, ಕೈ ನೋವು, ಎದುರಿಗೆ ಮುಗಿಯದ ಪುಟಗಳು. ಆಫೀಸಿನಲ್ಲಿ ಒಂದು ಬಟನ್ ಒತ್ತಿದ್ರೆ ಕಾಪಿ ಬರೋ ಮಶೀನ್ ಬೇಕು ಅನ್ನೋದು ಅವರಿಗೆ ಬಿಸಿನೆಸ್ ಐಡಿಯಾ ಆಗಿ ಹೊಳೆಯೋ ಮುಂಚೆ ದಿನಾ ಅನುಭವಿಸೋ ನೋವಾಗಿತ್ತು.

ಅಡುಗೆಮನೆಯಲ್ಲಿ ಗಂಧಕದ ವಾಸನೆ

ಫೋಟೋಗ್ರಫಿ ದಾರಿ ಬೇಡ ಅಂತ ಅವರು ಮೊದಲೇ ತೀರ್ಮಾನಿಸಿದ್ದರು. ಆ ದಾರಿಯಲ್ಲಿ ದೊಡ್ಡ ದೊಡ್ಡ ಕಂಪನಿಗಳು ಆಗಲೇ ಹುಡುಕಾಡುತ್ತಿದ್ದವು. ಬೇರೇನಾದ್ರೂ ಇದೆಯಾ ಅಂತ ಲೈಬ್ರರಿಯಲ್ಲಿ ತಡಕಾಡುವಾಗ ಹಂಗೇರಿಯ ಪಾಲ್ ಸೆಲೆನಿ ಅನ್ನೋ ಫಿಸಿಸಿಸ್ಟ್ ಬರೆದದ್ದು ಕಣ್ಣಿಗೆ ಬಿತ್ತು. ಸ್ಟ್ಯಾಟಿಕ್ ಚಾರ್ಜ್ ಬಳಸಿ ಚಿತ್ರ ಮೂಡಿಸೋ ವಿಷಯ ಅದು. ಅದರ ಜೊತೆ ಫೋಟೋಕಂಡಕ್ಟಿವಿಟಿಯನ್ನ ಸೇರಿಸಿದರೆ ಹೇಗೆ ಅನ್ನೋದೇ ಕಾರ್ಲ್‌ಸನ್ ಹಾಕಿದ ಲೆಕ್ಕ.

ನಮ್ಮ ಫಸ್ಟ್ ಇಯರ್ ಫಿಸಿಕ್ಸ್ ಇಲ್ಲಿ ಕೆಲಸಕ್ಕೆ ಬರುತ್ತೆ. ಕೆಲವು ವಸ್ತುಗಳು ಕತ್ತಲಲ್ಲಿ ಇನ್ಸುಲೇಟರ್, ಬೆಳಕು ಬಿದ್ದ ಕೂಡಲೇ ಕಂಡಕ್ಟರ್ ಥರ ನಡ್ಕೊಳ್ತವೆ. ಅಂಥ ವಸ್ತುವನ್ನ ಒಂದು ಲೋಹದ ಪ್ಲೇಟಿಗೆ ತೆಳ್ಳಗೆ ಬಳಿದು, ಕತ್ತಲಲ್ಲಿ ಮೇಲೆ ಚಾರ್ಜ್ ಕೊಡಿ. ಚಾರ್ಜ್ ಅಲ್ಲೇ ಕೂರುತ್ತೆ. ಈಗ ಬರಹ ಇರೋ ಹಾಳೆಯ ಬಿಂಬ ಅದರ ಮೇಲೆ ಬೀಳಿಸಿ. ಬಿಳಿ ಜಾಗದ ಬೆಳಕು ಬಿದ್ದ ಕಡೆ ಚಾರ್ಜ್ ಲೋಹಕ್ಕೆ ಇಳಿದು ಹೋಗುತ್ತೆ, ಕಪ್ಪು ಅಕ್ಷರದ ನೆರಳಿರೋ ಕಡೆ ಉಳಿಯುತ್ತೆ. ಅಂದ್ರೆ ಕಣ್ಣಿಗೆ ಕಾಣದ ಒಂದು ಚಾರ್ಜಿನ ಚಿತ್ರ ರೆಡಿ. ಮೇಲೆ ಪುಡಿ ಉದುರಿಸಿದರೆ ಚಾರ್ಜ್ ಇರೋ ಕಡೆ ಮಾತ್ರ ಅಂಟುತ್ತೆ. ಆ ಪುಡಿಯನ್ನ ಪೇಪರಿಗೆ ವರ್ಗಾಯಿಸಿ, ಬಿಸಿ ಮಾಡಿ ಕೂರಿಸಿದ್ರೆ ಮುಗೀತು.

ಇದರಲ್ಲಿ ದೊಡ್ಡ ವಿಷಯ ಏನು ಗೊತ್ತಾ? ಬೆಳಕನ್ನ ಗುರುತಿಸೋ ಕೆಲಸ ಪ್ಲೇಟಿನದು, ಪೇಪರಿನದಲ್ಲ. ಪೇಪರ್ ಸುಮ್ಮನೆ ಪುಡಿ ಹೊತ್ತುಕೊಂಡ್ರೆ ಸಾಕು. ಹಾಗಾಗಿ ಸ್ಪೆಷಲ್ ಕೋಟಿಂಗ್ ಬೇಡ, ಕೆಮಿಕಲ್ ಬೇಡ. ಒಂದೇ ಪ್ಲೇಟನ್ನ ಮತ್ತೆ ಮತ್ತೆ ಬಳಸಬಹುದು.

ಪ್ರಯೋಗ ನಡೆದದ್ದು ಕ್ವೀನ್ಸ್‌ನ ಜಾಕ್ಸನ್ ಹೈಟ್ಸ್‌ನಲ್ಲಿದ್ದ ಅವರ ಬಾಡಿಗೆ ಮನೆಯ ಅಡುಗೆಮನೆಯಲ್ಲಿ. ಸತುವಿನ ಪ್ಲೇಟಿಗೆ ಗಂಧಕ ಬಳಿಯೋಕೆ ಅದನ್ನ ಒಲೆ ಮೇಲೆ ಕರಗಿಸಬೇಕು. ಬಿಲ್ಡಿಂಗ್ ಪೂರ್ತಿ ಕೊಳೆತ ಮೊಟ್ಟೆ ವಾಸನೆ. ಹೆಂಡತಿ ಎಲ್ಸಾ ಇದನ್ನೆಲ್ಲ ಸಹಿಸಿಕೊಂಡೇ ಇದ್ದರು. ಕೆಲಸ ಪೂರ್ತಿ ಆಗದಿದ್ದರೂ 1937ರ ಅಕ್ಟೋಬರ್‌ನಲ್ಲಿ ಕಾರ್ಲ್‌ಸನ್ ಮೊದಲ ಪೇಟೆಂಟ್ ಅರ್ಜಿ ಹಾಕಿದರು. ಪೇಟೆಂಟ್ ಆಫೀಸಿನಲ್ಲಿ ಕೂತವರಿಗೆ ಐಡಿಯಾ ಕಾಪಾಡಿಕೊಳ್ಳೋದು ಗೊತ್ತಿಲ್ಲದೆ ಇರುತ್ತಾ?

10-22-38

ಕೈಯಲ್ಲಿ ಕೆಲಸ ಮಾಡೋದು ಬೆನ್ನು ನೋವಿನಿಂದ ಕಷ್ಟ ಆಗ್ತಾ ಬಂತು. ಆಗ ಆಸ್ಟ್ರಿಯಾದಿಂದ ಬಂದು ಕೆಲಸ ಹುಡುಕುತ್ತಿದ್ದ ಒಟ್ಟೋ ಕೊರ್ನೈ ಅನ್ನೋ ಫಿಸಿಸಿಸ್ಟನ್ನ ತಮ್ಮ ಸಂಬಳದಲ್ಲೇ ಸಹಾಯಕ್ಕೆ ಇಟ್ಟುಕೊಂಡರು. ಅತ್ತೆಗೆ ಸೇರಿದ ಆಸ್ಟೋರಿಯಾದ ಮನೆಯಲ್ಲಿ ಎರಡನೇ ಮಹಡಿಯ ಒಂದು ರೂಮೇ ಲ್ಯಾಬು.

1938ರ ಅಕ್ಟೋಬರ್ 22. ಕೊರ್ನೈ ಗಾಜಿನ ಸ್ಲೈಡಿನ ಮೇಲೆ ಇಂಡಿಯಾ ಇಂಕಿನಲ್ಲಿ ಅವತ್ತಿನ ದಿನಾಂಕ ಮತ್ತು ಊರಿನ ಹೆಸರು ಬರೆದರು: 10-22-38 ಆಸ್ಟೋರಿಯಾ. ಪರದೆ ಎಳೆದು ರೂಮು ಕತ್ತಲು ಮಾಡಿದರು. ಗಂಧಕ ಬಳಿದ ಸತುವಿನ ಪ್ಲೇಟನ್ನ ಕರ್ಚೀಫಿನಿಂದ ಜೋರಾಗಿ ಉಜ್ಜಿ ಚಾರ್ಜ್ ಮಾಡಿದರು. ಸ್ಲೈಡನ್ನ ಅದರ ಮೇಲಿಟ್ಟು ಕೆಲವು ಸೆಕೆಂಡ್ ಬಲ್ಬಿನ ಬೆಳಕು ಕೊಟ್ಟರು. ಸ್ಲೈಡ್ ತೆಗೆದು ಲೈಕೋಪೋಡಿಯಂ ಪುಡಿ ಉದುರಿಸಿದರು, ಅದು ಒಂದು ಗಿಡದ ಬೀಜಕಣಗಳ ನುಣ್ಣನೆ ಪುಡಿ. ಮೆಲ್ಲಗೆ ಊದಿದಾಗ ಉಳಿದ ಪುಡಿಯಲ್ಲಿ ಅಕ್ಷರಗಳು ನಿಂತಿದ್ದವು. ಮೇಣದ ಪೇಪರನ್ನ ಅದರ ಮೇಲೆ ಒತ್ತಿ ಎತ್ತಿ, ಬಿಸಿ ಮಾಡಿದಾಗ ಮೇಣ ಮೆತ್ತಗಾಗಿ ಪುಡಿಯನ್ನ ಹಿಡಿದುಕೊಂಡಿತು. ಜಗತ್ತಿನ ಮೊದಲ ಜೆರಾಕ್ಸ್ ಅದು. ಇಬ್ಬರೂ ಇನ್ನೂ ಕೆಲವು ಸಲ ಮಾಡಿ ಖಾತ್ರಿ ಮಾಡಿಕೊಂಡು, ಊಟಕ್ಕೆ ಹೊರಗೆ ಹೋದರು.

ಗಮನಿಸಿ, ಆ ಮೊದಲ ಕಾಪಿ ಬಂದದ್ದು ಸಾದಾ ಪೇಪರಿನ ಮೇಲೆ ಅಲ್ಲ, ಮೇಣದ ಪೇಪರಿನ ಮೇಲೆ. ಐಡಿಯಾದಲ್ಲಿ ಯಾವ ಪೇಪರಾದ್ರೂ ಆಗುತ್ತೆ. ನಿಜವಾದ ಮಶೀನಿನಲ್ಲಿ ಅದನ್ನ ಸಾಧಿಸೋಕೆ ಇನ್ನೂ 21 ವರ್ಷ ಹಿಡಿಯಿತು.

ಯಾರಿಗೂ ಬೇಡವಾದ ಐಡಿಯಾ

ಕೊರ್ನೈಗೆ ಇದರ ಭವಿಷ್ಯದ ಮೇಲೆ ನಂಬಿಕೆ ಬರಲಿಲ್ಲ. ಬೇರೆ ಕೆಲಸ ಸಿಕ್ಕಿತು ಅಂತ ಹೊರಟು ಹೋದರು. ಕಾರ್ಲ್‌ಸನ್ ಒಬ್ಬರೇ ಕಂಪನಿ ಕಂಪನಿ ಅಲೆದರು. 1939ರಿಂದ 1944ರ ಒಳಗೆ 20ಕ್ಕೂ ಹೆಚ್ಚು ಕಂಪನಿಗಳು ಬೇಡ ಅಂದವು. ಅದರಲ್ಲಿ ಐಬಿಎಂ, ಜನರಲ್ ಎಲೆಕ್ಟ್ರಿಕ್, ಆರ್‌ಸಿಎ ಎಲ್ಲ ಇದ್ದವು. ಡೆಮೋ ಅಂದ್ರೆ ಒಂದು ಪ್ಲೇಟು, ಒಂದು ಕರ್ಚೀಫು, ಒಂದಿಷ್ಟು ಪುಡಿ, ಕೊನೆಗೆ ಒಂದು ಮಸುಕು ಚಿತ್ರ. ಕಾರ್ಬನ್ ಪೇಪರ್ ಇದೆಯಲ್ಲ, ಇದ್ಯಾಕೆ ಅನ್ನೋ ಮುಖಗಳೇ ಎಲ್ಲ ಕಡೆ. 1942ರ ಅಕ್ಟೋಬರ್ 6ರಂದು ಪೇಟೆಂಟ್ ಸಿಕ್ಕಿತು, ನಂಬರ್ 2,297,691. ಆದ್ರೆ ಪೇಟೆಂಟ್ ಹೊಟ್ಟೆ ತುಂಬಿಸುತ್ತಾ? ಮದುವೆಯೂ ಮುರಿಯುತ್ತಾ ಬಂತು, 1945ರಲ್ಲಿ ಎಲ್ಸಾ ಜೊತೆ ಡೈವೋರ್ಸ್ ಆಯ್ತು.

ಅಷ್ಟರಲ್ಲಿ ಒಂದು ಬಾಗಿಲು ತೆರೆದಿತ್ತು. ಓಹಾಯೋದ ಕೊಲಂಬಸ್‌ನಲ್ಲಿರೋ ಬ್ಯಾಟೆಲ್ ಮೆಮೋರಿಯಲ್ ಇನ್‌ಸ್ಟಿಟ್ಯೂಟಿನ ಒಬ್ಬ ಇಂಜಿನಿಯರ್ ಪೇಟೆಂಟ್ ವಿಷಯಕ್ಕೆ ಮಲೋರಿ ಆಫೀಸಿಗೆ ಬಂದಿದ್ದರು. ಕಾರ್ಲ್‌ಸನ್ ತಮ್ಮ ಐಡಿಯಾ ಹೇಳಿದರು. 1944ರಲ್ಲಿ ಬ್ಯಾಟೆಲ್ ಜೊತೆ ಒಪ್ಪಂದ ಆಯ್ತು. ಅಲ್ಲಿನ ತಂಡ ಈ ಐಡಿಯಾವನ್ನ ಇಂಜಿನಿಯರಿಂಗ್ ಮಾಡಿತು. ಗಂಧಕದ ಬದಲು ಬೆಳಕಿಗೆ ಎಷ್ಟೋ ಪಟ್ಟು ಚುರುಕಾದ ಸೆಲೆನಿಯಂ ಬಂತು. ಕರ್ಚೀಫಿನ ಬದಲು ಹೈ ವೋಲ್ಟೇಜ್ ತಂತಿಯಿಂದ ಕರೋನಾ ಡಿಸ್ಚಾರ್ಜ್. ಗಿಡದ ಪುಡಿ ಬದಲು ಬಿಸಿಗೆ ಕರಗಿ ಪೇಪರಿಗೆ ಅಂಟೋ ಟೋನರ್.

ಇನ್ನು ಬೇಕಿದ್ದದ್ದು ಮಶೀನ್ ಮಾಡಿ ಮಾರೋ ಕಂಪನಿ. ಅದಾಗಿ ಬಂದದ್ದು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನ ಹ್ಯಾಲಾಯ್ಡ್. ಫೋಟೋ ಪೇಪರ್ ಮಾಡ್ತಿದ್ದ ಸಣ್ಣ ಕಂಪನಿ, ಕಾರ್ಲ್‌ಸನ್ ಹುಟ್ಟಿದ 1906ರಲ್ಲೇ ಶುರುವಾದದ್ದು. ಅದೇ ಊರಲ್ಲಿರೋ ಕೊಡಾಕ್ ಎಂಬ ದೈತ್ಯನ ನೆರಳಲ್ಲಿ ಬದುಕೋದು ಅದಕ್ಕೆ ಕಷ್ಟವಾಗಿತ್ತು. ಸ್ಪೆಷಲ್ ಪೇಪರ್ ಮಾರಿ ಬದುಕುತ್ತಿದ್ದ ಕಂಪನಿಯೇ ಸ್ಪೆಷಲ್ ಪೇಪರ್ ಬೇಡದ ಟೆಕ್ನಾಲಜಿಗೆ ದುಡ್ಡು ಹಾಕಿತು ಅಂದ್ರೆ, ಅದರ ಮುಖ್ಯಸ್ಥ ಜೋಸೆಫ್ ವಿಲ್ಸನ್ ಧೈರ್ಯ ಮೆಚ್ಚಬೇಕು. ಗ್ರೀಕ್ ಭಾಷೆಯಲ್ಲಿ ಒಣ ಮತ್ತು ಬರಹ ಅನ್ನೋ ಎರಡು ಪದ ಸೇರಿಸಿ ಜೆರೋಗ್ರಫಿ ಅಂತ ಹೆಸರಿಟ್ಟರು. 1948ರ ಅಕ್ಟೋಬರ್ 22ರಂದು, ಆಸ್ಟೋರಿಯಾದ ಆ ದಿನಕ್ಕೆ ಸರಿಯಾಗಿ ಹತ್ತು ವರ್ಷ ತುಂಬಿದಾಗ, ಡೆಟ್ರಾಯ್ಟ್‌ನಲ್ಲಿ ಆಪ್ಟಿಕಲ್ ಸೊಸೈಟಿಯ ಸಭೆಯಲ್ಲಿ ಜಗತ್ತಿಗೆ ತೋರಿಸಿದರು.

ಬೆಂಕಿ ಆರಿಸೋ ಸಿಲಿಂಡರ್ ಜೊತೆ ಬಂದ ಮಶೀನ್

1949ರಲ್ಲಿ ಬಂದ ಮೊದಲ ಮಶೀನಿನಲ್ಲಿ ಒಂದು ಕಾಪಿಗೆ ಕೈಯಿಂದ ಮಾಡಬೇಕಾದ ಹಂತಗಳೇ 39. ಆಫೀಸಿನವರಿಗೆ ಅದು ಬೇಡವಾಯ್ತು. ಆಫ್‌ಸೆಟ್ ಪ್ರಿಂಟಿಂಗಿಗೆ ಮಾಸ್ಟರ್ ಮಾಡೋಕೆ ಒಳ್ಳೇದು ಅಂತ ಗೊತ್ತಾದ ಮೇಲೆ ಕಂಪನಿ ಹೇಗೋ ಉಸಿರಾಡಿತು. ಆ ಹೊತ್ತಿಗೆ ಬೇರೆಯವರ ಕಾಪಿ ಮಶೀನ್‌ಗಳೂ ಬಂದವು: 3ಎಂ ಕಂಪನಿಯ ಥರ್ಮೋಫ್ಯಾಕ್ಸ್, ಕೊಡಾಕ್‌ನ ವೆರಿಫ್ಯಾಕ್ಸ್, ಆರ್‌ಸಿಎಯ ಎಲೆಕ್ಟ್ರೋಫ್ಯಾಕ್ಸ್. ಎಲ್ಲಕ್ಕೂ ತಮ್ಮದೇ ಕೋಟಿಂಗ್ ಇರೋ ಪೇಪರ್ ಬೇಕು. ಮಶೀನ್ ಅಗ್ಗ, ಪೇಪರಿನಲ್ಲಿ ಲಾಭ.

ಹ್ಯಾಲಾಯ್ಡ್ ಹಟ ಬಿಡಲಿಲ್ಲ. 1947ರಿಂದ 1960ರ ತನಕ ಸಂಶೋಧನೆಗೆ ಸುಮಾರು 7.5 ಕೋಟಿ ಡಾಲರ್ ಸುರಿಯಿತು. ಮಾಮೂಲಿ ವ್ಯಾಪಾರದಲ್ಲಿ ದುಡಿದದ್ದರ ಹೆಚ್ಚುಕಮ್ಮಿ ಎರಡು ಪಟ್ಟು ಅದು. 1959ರ ಸೆಪ್ಟೆಂಬರ್‌ನಲ್ಲಿ ಜೆರಾಕ್ಸ್ 914 ಹೊರಬಂತು. 9 ಇಂಚು, 14 ಇಂಚು ಅಳತೆವರೆಗಿನ ಹಾಳೆ ಕಾಪಿ ಮಾಡುತ್ತೆ ಅಂತ ಆ ಹೆಸರು. ತೂಕ ಸುಮಾರು 295 ಕೆಜಿ. ನಿಮಿಷಕ್ಕೆ ಸುಮಾರು 7 ಕಾಪಿ. ಬಟನ್ ಒತ್ತಿದ್ರೆ ಸಾಕು, ಅದೂ ಆಫೀಸಿನಲ್ಲಿ ಬಿದ್ದಿರೋ ಸಾದಾ ಪೇಪರಿನ ಮೇಲೆ.

ಸಾದಾ ಪೇಪರ್ ಅಂದ್ರೆ ಸಾದಾ ಕೆಲಸ ಅಂತಲ್ಲ. ಟೋನರ್ ಕರಗಿಸೋಕೆ ಒಳಗೆ ಕಾದ ಹೀಟರ್ ಇತ್ತು. ಪೇಪರ್ ಅಲ್ಲಿ ಸಿಕ್ಕಿಹಾಕಿಕೊಂಡರೆ ಸುಟ್ಟು ಹೊಗೆ ಬರೋದು, ಕೆಲವೊಮ್ಮೆ ಬೆಂಕಿಯೇ ಹತ್ತೋದು. ಅದಕ್ಕೇ ಕಂಪನಿ ಮಶೀನಿನ ಜೊತೆ ಬೆಂಕಿ ಆರಿಸೋ ಸಣ್ಣ ಸಿಲಿಂಡರನ್ನೂ ಕೊಡುತ್ತಿತ್ತು, ಭಯ ಹುಟ್ಟಿಸದ ಒಂದು ನಯವಾದ ಹೆಸರಿಟ್ಟು. ಆದ್ರೂ ಜನ ಮುಗಿಬಿದ್ದರು. ತಿಂಗಳಿಗೆ 95 ಡಾಲರ್ ಬಾಡಿಗೆ, 2,000 ಕಾಪಿ ಫ್ರೀ, ಮೇಲಿನದಕ್ಕೆ ಕಾಪಿಗೆ ಇಷ್ಟು ಅಂತ ಲೆಕ್ಕ. 1961ರಲ್ಲಿ ಕಂಪನಿ ತನ್ನ ಹೆಸರನ್ನೇ ಜೆರಾಕ್ಸ್ ಕಾರ್ಪೊರೇಷನ್ ಅಂತ ಬದಲಾಯಿಸಿಕೊಂಡಿತು.

ಯಾವ ಪೇಪರಾದ್ರೂ ಸರಿ ಅಂದ್ರೆ, ಮಶೀನೇ ಪೇಪರನ್ನ ಓದಬೇಕು

ಕಾರ್ಲ್‌ಸನ್ ಪೇಪರಿಗೆ ಸ್ವಾತಂತ್ರ್ಯ ಕೊಟ್ಟರು. ಆ ಸ್ವಾತಂತ್ರ್ಯದ ಬೆಲೆಯನ್ನ ಇಂದಿಗೂ ಇಂಜಿನಿಯರ್‌ಗಳು ಕಟ್ತಾ ಇದ್ದಾರೆ. ಯಾಕಂದ್ರೆ ಪೇಪರ್ ಬದಲಾದ ಹಾಗೆ ಮೂರು ವಿಷಯ ಬದಲಾಗುತ್ತೆ.

ಮೊದಲನೆಯದು ವರ್ಗಾವಣೆ. ಡ್ರಮ್ಮಿನ ಮೇಲಿರೋ ಟೋನರನ್ನ ಪೇಪರಿಗೆ ಎಳೆಯೋಕೆ ಪೇಪರಿನ ಹಿಂದಿನಿಂದ ವೋಲ್ಟೇಜ್ ಕೊಡಬೇಕು. ದಪ್ಪ ಪೇಪರಿಗೆ ಜಾಸ್ತಿ ಬೇಕು. ಪೇಪರ್ ತೇವ ಹೀರಿದ್ದರೆ ಅದರ ರೆಸಿಸ್ಟೆನ್ಸ್ ಬಿದ್ದು ಹೋಗಿ ಚಾರ್ಜ್ ಸೋರುತ್ತೆ, ಪ್ರಿಂಟ್ ಮಸುಕು ಮಸುಕಾಗಿ ಬರುತ್ತೆ. ಮಳೆಗಾಲದಲ್ಲಿ ಕರಾವಳಿ, ಮಲೆನಾಡಿನ ಜೆರಾಕ್ಸ್ ಅಂಗಡಿಯವರು ಪೇಪರ್ ರೀಮನ್ನ ಬಿಚ್ಚದೆ ಕವರಿನಲ್ಲೇ ಇಟ್ಟರೆ ಒಳ್ಳೇದು ಅನ್ನೋದು ಇದಕ್ಕೇ. ಎರಡನೆಯದು ಬಿಸಿ. ಟೋನರ್ ಕರಗೋಕೆ ಫ್ಯೂಸರ್ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್ ಇರಬೇಕು. 75 ಜಿಎಸ್‌ಎಂ ಪೇಪರ್ ಬೇಗ ಕಾಯುತ್ತೆ. ಕಾರ್ಡ್ ಶೀಟ್ ಅಷ್ಟೇ ಹೊತ್ತಲ್ಲಿ ಕಾಯಲ್ಲ, ಟೋನರ್ ಅರೆಬೆಂದು ಉಗುರಲ್ಲಿ ಕೆರೆದ್ರೆ ಎದ್ದು ಬರುತ್ತೆ. ಹಾಗಾಗಿ ದಪ್ಪ ಪೇಪರಿಗೆ ಪ್ರಿಂಟರ್ ಸ್ಪೀಡ್ ಕಮ್ಮಿ ಮಾಡುತ್ತೆ. ಮೂರನೆಯದು ಮೇಲ್ಮೈ. ಒರಟು ಪೇಪರಿನ ತಗ್ಗುಗಳಿಗೆ ಟೋನರ್ ಸರಿಯಾಗಿ ಇಳಿಯಲ್ಲ. ಇಂಕ್‌ಜೆಟ್ ಆದ್ರೆ ಸಾದಾ ಪೇಪರಿನಲ್ಲಿ ಇಂಕು ನಾರಿನ ಉದ್ದಕ್ಕೂ ಹರಡುತ್ತೆ, ಫೋಟೋ ಪೇಪರಿನಲ್ಲಿ ಮೇಲಿನ ಕೋಟಿಂಗಲ್ಲೇ ನಿಲ್ಲುತ್ತೆ. ಹಾಗಾಗಿ ಎರಡಕ್ಕೂ ಒಂದೇ ಅಳತೆ ಇಂಕು ಸುರಿದರೆ ಒಂದಲ್ಲ ಒಂದು ಹಾಳು.

ಹಾಗಾದ್ರೆ ಪ್ರಿಂಟರ್ ಇದನ್ನ ಹೇಗೆ ಕಂಡುಹಿಡಿಯುತ್ತೆ? ಒಂದು ಎಲ್‌ಇಡಿ ಪೇಪರಿನ ಮೇಲೆ ಓರೆಯಾಗಿ ಬೆಳಕು ಬಿಡುತ್ತೆ. ಗ್ಲಾಸಿ ಪೇಪರ್ ಆದ್ರೆ ಕನ್ನಡಿ ಥರ ಅದೇ ಕೋನದಲ್ಲಿ ವಾಪಸ್ ಹೋಗುತ್ತೆ. ಸಾದಾ ಪೇಪರ್ ಆದ್ರೆ ಎಲ್ಲ ಕಡೆ ಚದುರುತ್ತೆ. ಒಂದು ಫೋಟೋಡಯೋಡ್ ಆ ಕೋನದಲ್ಲಿ, ಇನ್ನೊಂದು ನೇರ ಮೇಲೆ ಇಟ್ಟು ಎರಡರ ಅನುಪಾತ ನೋಡಿದ್ರೆ ಪೇಪರ್ ಎಷ್ಟು ಹೊಳಪು ಅಂತ ಗೊತ್ತಾಗುತ್ತೆ. ಬೆಳಕು ಆಚೆಗೇ ತೂರಿ ಹೋದ್ರೆ ಅದು ಓಎಚ್‌ಪಿ ಶೀಟ್. ಕೆಲವು ಪ್ರಿಂಟರ್‌ಗಳಲ್ಲಿ ಪುಟ್ಟ ಇಮೇಜ್ ಸೆನ್ಸರ್ ಇರುತ್ತೆ. ಓರೆ ಬೆಳಕಿನಲ್ಲಿ ಪೇಪರಿನ ನಾರುಗಳ ನೆರಳನ್ನೇ ಫೋಟೋ ತೆಗೆದು ಒರಟುತನ ಅಳೆಯುತ್ತೆ. ತೂಕಕ್ಕೆ ಅಲ್ಟ್ರಾಸೌಂಡ್. ಕೆಳಗಿನಿಂದ ಶಬ್ದದ ಅಲೆ ಬಿಟ್ಟು, ಮೇಲೆ ಎಷ್ಟು ಬಂತು ಅಂತ ನೋಡೋದು. ಜಿಎಸ್‌ಎಂ ಜಾಸ್ತಿ ಆದಷ್ಟೂ ಆಚೆ ತಲುಪೋ ಅಲೆ ಕ್ಷೀಣ. ಇನ್ನು ವರ್ಗಾವಣೆ ರೋಲರಿನಲ್ಲಿ ಹರಿಯೋ ಕರೆಂಟ್ ಅಳೆದು ವೋಲ್ಟೇಜ್ ಸರಿಮಾಡಿಕೊಳ್ಳೋದೂ ಇದೆ. ಇಷ್ಟೂ ಕೆಲಸ ಪೇಪರ್ ಟ್ರೇಯಿಂದ ಹೊರಟು ಡ್ರಮ್ ಮುಟ್ಟೋ ಅಷ್ಟರಲ್ಲಿ ಆಗಬೇಕು.

ಇದನ್ನೆಲ್ಲ ಕಾರ್ಲ್‌ಸನ್ ಮಾಡಲಿಲ್ಲ. ಲೇಸರ್ ಪ್ರಿಂಟರಿನ ಕೆಲಸ ಜೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಕೈಯಲ್ಲಿ ಪೂರ್ತಿಯಾಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಆದ್ರೆ ಇವತ್ತಿನ ಲೇಸರ್ ಪ್ರಿಂಟರ್ ಒಳಗೂ ಅದೇ ಹೆಜ್ಜೆಗಳು: ಚಾರ್ಜ್ ಮಾಡು, ಬೆಳಕು ಕೊಡು, ಪುಡಿ ಅಂಟಿಸು, ಪೇಪರಿಗೆ ದಾಟಿಸು, ಬಿಸಿ ಮಾಡು. ಆಸ್ಟೋರಿಯಾದ ರೂಮಿನಲ್ಲಿ ಕೈಯಿಂದ ಮಾಡಿದ ಕ್ರಮ.

ಬಂದ ದುಡ್ಡು ಎಲ್ಲಿಗೆ ಹೋಯ್ತು

914 ಗೆದ್ದ ಮೇಲೆ ಕಾರ್ಲ್‌ಸನ್ ಅಮೆರಿಕದ ದೊಡ್ಡ ಶ್ರೀಮಂತರಲ್ಲಿ ಒಬ್ಬರಾದರು. ಐವತ್ತು ದಾಟಿದ ಮೇಲೆ ಬಂದ ದುಡ್ಡು ಅದು. ಹಿಂದೆ ಬಿಟ್ಟುಹೋಗಿದ್ದ ಕೊರ್ನೈಗೆ ಕರೆಯದೇನೇ 100 ಜೆರಾಕ್ಸ್ ಷೇರು ಕಳಿಸಿಕೊಟ್ಟರು. ಎರಡನೇ ಹೆಂಡತಿ ಡೋರಿಸ್ ಜೊತೆ ರಾಚೆಸ್ಟರ್ ಹತ್ತಿರದ ಪಿಟ್ಸ್‌ಫರ್ಡ್‌ನಲ್ಲಿ ಒಂದು ಸಾಧಾರಣ ಮನೆಯಲ್ಲೇ ಇದ್ದರು. ಫಾರ್ಚೂನ್ ಪತ್ರಿಕೆ ತಮ್ಮನ್ನ ಅತಿ ಶ್ರೀಮಂತರ ಪಟ್ಟಿಗೆ ಸೇರಿಸಿದಾಗ, ನನ್ನ ಹತ್ತಿರ ಅಷ್ಟಿಲ್ಲ, ನಿಮ್ಮ ಲೆಕ್ಕ ತಪ್ಪು ಅಂತ ಅವರಿಗೆ ಪತ್ರ ಬರೆದರು. ನಿಜವೇ, ಅಷ್ಟು ಹೊತ್ತಿಗೆ ಹೆಚ್ಚಿನ ಪಾಲನ್ನ ಕೊಟ್ಟುಬಿಟ್ಟಿದ್ದರು. ಸುಮಾರು 15 ಕೋಟಿ ಡಾಲರ್ ಗಳಿಸಿದವರು 10 ಕೋಟಿಯಷ್ಟು ದಾನ ಮಾಡಿದರು. ಹಲವು ಕಡೆ ಹೆಸರು ಹಾಕಬೇಡಿ ಅನ್ನೋದೇ ಷರತ್ತು.

ಡೋರಿಸ್ ಪ್ರಭಾವದಿಂದ ಅವರಿಗೆ ವೇದಾಂತ ಮತ್ತು ಝೆನ್ ಕಡೆ ಒಲವು ಬಂದಿತ್ತು. ರಾಚೆಸ್ಟರ್‌ನ ಝೆನ್ ಸೆಂಟರ್ ಶುರುವಾಗೋಕೆ ನೆರವಾದರು. ವರ್ಜೀನಿಯಾ ವಿಶ್ವವಿದ್ಯಾಲಯದ ಇಯಾನ್ ಸ್ಟೀವನ್ಸನ್ ಅವರಿಗೆ ದೊಡ್ಡ ಮೊತ್ತ ಕೊಟ್ಟರು, ಉಯಿಲಿನಲ್ಲಿ ಹತ್ತು ಲಕ್ಷ ಡಾಲರ್ ಬಿಟ್ಟರು. ಹಿಂದಿನ ಜನ್ಮ ನೆನಪಿದೆ ಅಂತ ಹೇಳೋ ಮಕ್ಕಳ ಬಗ್ಗೆ ಅಧ್ಯಯನ ಮಾಡ್ತಾ ಸ್ಟೀವನ್ಸನ್ ಭಾರತಕ್ಕೂ ಮತ್ತೆ ಮತ್ತೆ ಬಂದರು, ಮುಂದೆ ಬೆಂಗಳೂರಿನ ನಿಮ್ಹಾನ್ಸ್‌ನ ಸಂಶೋಧಕರೂ ಅವರ ಜೊತೆ ಕೆಲಸ ಮಾಡಿದರು. ಆ ಸಂಶೋಧನೆಯನ್ನ ಒಪ್ಪೋರೂ ಇದ್ದಾರೆ, ಒಪ್ಪದೇ ಇರೋರೂ ಇದ್ದಾರೆ. ಕಾಪಿ ಮಶೀನಿನ ದುಡ್ಡು ಅಲ್ಲಿಗೂ ಹೋಯ್ತು ಅನ್ನೋದು ಮಾತ್ರ ಸತ್ಯ.

1968ರ ಸೆಪ್ಟೆಂಬರ್ 19ರಂದು ನ್ಯೂಯಾರ್ಕಿನಲ್ಲಿ, ಒಂದು ಕೆಲಸಕ್ಕೂ ಇನ್ನೊಂದಕ್ಕೂ ನಡುವೆ ಬಿಡುವು ಸಿಕ್ಕಿತು ಅಂತ ಕಾರ್ಲ್‌ಸನ್ ಒಂದು ಥಿಯೇಟರಿಗೆ ಸಿನಿಮಾ ನೋಡೋಕೆ ಹೋದರು. ಸಿನಿಮಾ ಮುಗಿದರೂ ಅವರು ಎದ್ದಿರಲಿಲ್ಲ. ಸೀಟಿನಲ್ಲೇ ಹೃದಯ ನಿಂತಿತ್ತು. 62 ವರ್ಷ.

ನಮ್ಮ ದೇಶದಲ್ಲಿ 1980ರ ದಶಕದಲ್ಲಿ ಮೋದಿ ಜೆರಾಕ್ಸ್ ಬಂದ ಮೇಲೆ ಈ ಹೆಸರು ಊರೂರಿಗೆ ಹರಡಿತು. ಪುಸ್ತಕ ಕೊಳ್ಳೋಕಾಗದ ಎಷ್ಟು ಜನ ಆಮೇಲೆ ಜೆರಾಕ್ಸ್ ನೋಟ್ಸ್ ನಂಬಿ ಡಿಗ್ರಿ ಮುಗಿಸಿದರೋ ಲೆಕ್ಕ ಇಟ್ಟವರಿಲ್ಲ. ಲೈಬ್ರರಿಯಲ್ಲಿ ಕೂತು ಕೈ ನೋಯುವ ತನಕ ಲಾ ಪುಸ್ತಕ ಬರೆದುಕೊಂಡ ಆ ಹುಡುಗನಿಗೆ ಈ ಸುದ್ದಿ ಖಂಡಿತ ಖುಷಿ ಕೊಡುತ್ತಿತ್ತು. ಕಂಪ್ಯೂಟರ್ ಲ್ಯಾಬಲ್ಲಿ ಪ್ರಿಂಟ್ ಕೊಡುವಾಗ ಪೇಪರ್ ಟೈಪ್ ಅನ್ನೋ ಜಾಗ ಒಮ್ಮೆ ನೋಡಿ. ಗ್ಲಾಸಿ, ಕಾರ್ಡ್, ಲೇಬಲ್ ಅಂತ ಉದ್ದ ಪಟ್ಟಿ ಇರುತ್ತೆ. ನೀವು ಏನೂ ಆರಿಸದಿದ್ದರೆ ಸಾಮಾನ್ಯವಾಗಿ ಪ್ಲೇನ್ ಪೇಪರ್ ಅಂತಲೇ ಇರುತ್ತೆ. ಆ ಆಯ್ಕೆಯನ್ನ ಅಲ್ಲಿ ತಂದಿಡೋಕೆ ಒಬ್ಬ ಮನುಷ್ಯನ ಆಯುಷ್ಯದ ಮೂರನೇ ಒಂದು ಭಾಗ ಹೋಗಿದೆ.